ಮೂರು ದಿನದ ಕಾರ್ಯಾಗಾರ ಮುಗಿಸಿ ಬಂದೆ, ನನ್ನ ಒಂದು ಫೋಟೊವನ್ನೂ ಯಾರೂ ನೋಡಲಿಲ್ಲ. ಫೋಟೊ ಜರ್ನಲಿಸ್ಟ್‌ಗಳಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ತರಬೇತಿ ಯಾವುದು?

ಬೆಳಕಿನ ಹಿಂದೆ
ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಫ್ರೀಲಾನ್ಸ್ ಆಗಿ ಸುದ್ದಿ ಫೋಟೊ ತೆಗೆಯುತ್ತಿದ್ದೇನೆ. ಹೋದ ತಿಂಗಳು ಕೂಡಿಟ್ಟ ದುಡ್ಡು ಕಟ್ಟಿ ಒಂದು ಮೂರು ದಿನದ ಕಾರ್ಯಾಗಾರಕ್ಕೆ ಹೋಗಿದ್ದೆ. ನಡೆಸಿದವರದು ದೊಡ್ಡ ಹೆಸರು. ಯಾರು ಅಂತ ದಯವಿಟ್ಟು ಕೇಳಬೇಡಿ.

ಮೊದಲ ದಿನ ಪೂರ್ತಿ ಅವರ ಫೋಟೊಗಳ ಸ್ಲೈಡ್‌ಶೋ. ಒಳ್ಳೆಯ ಫೋಟೊಗಳೇ, ಅದರಲ್ಲಿ ಎರಡು ಮಾತಿಲ್ಲ. ಎರಡನೇ ದಿನ ಬೆಳಗ್ಗೆ ಒಂದು ಲೆನ್ಸಿನ ಪ್ರಚಾರ. ಮಧ್ಯಾಹ್ನ ನಲವತ್ತು ಜನರನ್ನೂ ಒಂದೇ ಬೀದಿಗೆ ಬಿಟ್ಟರು. ಮನೆ ಮುಂದೆ ಕೂತಿದ್ದ ಒಬ್ಬ ಅಜ್ಜಿಯ ಎದುರು ಹದಿನೈದು ಕ್ಯಾಮೆರಾ. ಅವರು ಕೈಯಿಂದ ಮುಖ ಮುಚ್ಚಿಕೊಂಡರು. ಆ ಕೈ ಇನ್ನೂ ಕಣ್ಣ ಮುಂದೆ ಇದೆ. ಮೂರನೇ ದಿನ ಪ್ರಶ್ನೋತ್ತರ, ಗ್ರೂಪ್ ಫೋಟೊ, ಸರ್ಟಿಫಿಕೇಟ್.

ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ವರ್ಷದ ಕೆಲಸ ಇತ್ತು. ತೆರೆಯುವ ಸಂದರ್ಭವೇ ಬರಲಿಲ್ಲ.

ಮುಂದಿನ ವರ್ಷ ಒಂದಕ್ಕೆ ಮಾತ್ರ ಹೋಗಲು ಆಗುತ್ತೆ. ನಾನು ಆರಿಸಿದ್ದು ತಪ್ಪಾಯಿತಾ, ಇಲ್ಲಾ ಕಾರ್ಯಾಗಾರ ಅಂದರೆ ಎಲ್ಲ ಕಡೆ ಇಷ್ಟೇನಾ? ಹೋಗಿ ಬಂದವರು ಹೇಳಿ.

ಕಪ್ಪು ಬಿಳುಪು
ಇಷ್ಟೇ. ಕೆಲಸ ಕಲಿಯುವುದು ಕೆಲಸದಲ್ಲಿ. ಆ ದುಡ್ಡಲ್ಲಿ ಒಂದು ತಿಂಗಳು ಓಡಾಡಿ ಒಂದು ಸ್ಟೋರಿ ಮಾಡಬಹುದಿತ್ತು.

ಶಟರ್ 250
ಕಪ್ಪು ಬಿಳುಪು ಅವರೇ, ಒಬ್ಬನೇ ಓಡಾಡಿದರೆ ನನ್ನ ತಪ್ಪು ನನಗೆ ಕಾಣಿಸಲ್ಲ. ಹತ್ತು ವರ್ಷ ಒಂದೇ ತಪ್ಪನ್ನು ಮಾಡುತ್ತಾ ಅದನ್ನೇ ಅನುಭವ ಅಂದುಕೊಂಡವರನ್ನು ನೋಡಿದ್ದೇನೆ.

ಡೆಸ್ಕ್ ಕಡೆಯಿಂದ
ಹದಿನಾಲ್ಕು ವರ್ಷ ಫೋಟೊ ಎಡಿಟರ್ ಆಗಿದ್ದವಳು ನಾನು. ಬೆಳಕಿನ ಹಿಂದೆ ಅವರೇ, ನಿಮ್ಮ ಪೋಸ್ಟ್‌ನಲ್ಲೇ ಉತ್ತರ ಇದೆ. ನಿಮ್ಮ ಫೋಟೊಗಳನ್ನು ಯಾರೂ ನೋಡದಿದ್ದರೆ ಅದು ಭಾಷಣ, ಕಾರ್ಯಾಗಾರ ಅಲ್ಲ.

ಮಿಸೌರಿ ಫೋಟೊ ವರ್ಕ್‌ಶಾಪ್ ಹೆಸರು ಕೇಳಿರಬಹುದು. ಅಮೆರಿಕದ ಮಿಸೌರಿಯಲ್ಲಿ 1949ರಲ್ಲಿ ಕ್ಲಿಫ್ ಎಡಮ್, ವೈ ಎಡಮ್ ದಂಪತಿ ಶುರು ಮಾಡಿದ್ದು. ಪ್ರತಿ ಸಲ ಒಂದು ಸಣ್ಣ ಊರು ಆರಿಸಿಕೊಳ್ಳುತ್ತಾರೆ. ಬಂದ ಫೋಟೊಗ್ರಾಫರ್ ಆ ಊರಲ್ಲಿ ತಿರುಗಿ, ಜನರ ಹತ್ತಿರ ಮಾತಾಡಿ, ಒಂದು ಕಥೆ ಹುಡುಕಬೇಕು. ಅದನ್ನು ಅಲ್ಲಿನ ಎಡಿಟರ್‌ಗಳ ಮುಂದೆ ಇಟ್ಟು ಒಪ್ಪಿಸಬೇಕು. ಒಪ್ಪುವವರೆಗೆ ಕ್ಯಾಮೆರಾ ಕೆಲಸ ಶುರುವಾಗಲ್ಲ. ಎಷ್ಟೋ ಜನ ಎರಡು ಮೂರು ಕಥೆ ತಿರಸ್ಕಾರ ಆದಮೇಲೆ ಒಂದನ್ನು ಹಿಡಿಯುತ್ತಾರೆ. ಆಮೇಲೆ ಇಡೀ ಕಥೆಗೆ 400 ಫ್ರೇಮ್ ಮಾತ್ರ. ಡಿಜಿಟಲ್ ಕ್ಯಾಮೆರಾದಲ್ಲಿ 400 ಅಂದರೆ ಎಷ್ಟು ಕಮ್ಮಿ ಅಂತ ನಿಮಗೇ ಗೊತ್ತು. ಒತ್ತುವ ಮುಂಚೆ ಯೋಚನೆ ಮಾಡಲೇಬೇಕು. ದಿನಾ ತೆಗೆದದ್ದನ್ನು ಕೂತು ನೋಡುತ್ತಾರೆ. ಎಲ್ಲಿ ಬೇಗ ಎದ್ದು ಬಂದಿರಿ, ಎಲ್ಲಿ ದೂರ ನಿಂತಿರಿ ಅಂತ ಎತ್ತಿ ತೋರಿಸುತ್ತಾರೆ. ವಾರದ ಕೊನೆಗೆ ಆ ಊರಿನವರಿಗೇ ಪ್ರದರ್ಶನ.

ಈ ಕೊನೆಯ ಭಾಗ ನನಗೆ ಜಾಸ್ತಿ ಇಷ್ಟ. ಫೋಟೊದಲ್ಲಿರುವವರೇ ಬಂದು ಎದುರು ನಿಂತು ನೋಡುತ್ತಾರೆ ಅಂತ ಗೊತ್ತಿದ್ದರೆ ನೀವು ಫೋಟೊ ತೆಗೆಯುವ ರೀತಿಯೇ ಬದಲಾಗುತ್ತೆ. ಆ ಅಜ್ಜಿಯ ಮುಂದೆ ಹದಿನೈದು ಜನ ನಿಲ್ಲುವುದಿಲ್ಲ.

ಹೊಸ ಕಣ್ಣು
400 ಫ್ರೇಮಾ! ನಾನು ಒಂದು ಮೆರವಣಿಗೆಗೆ ಹೋದರೆ 2000 ತೆಗೆಯುತ್ತೇನೆ. ಅದು ತಪ್ಪಾ ಮೇಡಂ?

ಡೆಸ್ಕ್ ಕಡೆಯಿಂದ
ತಪ್ಪಲ್ಲಪ್ಪ. ಆದರೆ ಆ 2000ವನ್ನು ಆಮೇಲೆ ಕೂತು ಪೂರ್ತಿ ನೋಡುತ್ತೀಯಾ? ಬಹಳ ಜನ ಮೊದಲ ಮುನ್ನೂರು ನೋಡಿ, ನಾಲ್ಕು ಆರಿಸಿ, ಕಳಿಸಿ ಮಲಗುತ್ತಾರೆ.

ಹಳೇ ರೀಲು
ಮಿಸೌರಿ ಮಾತು ಬಂದಿದ್ದರಿಂದ ಒಂದು ಸಂಗತಿ ಸೇರಿಸುತ್ತೇನೆ. ಅದರ ಶುರುವಿನಲ್ಲಿ ರಾಯ್ ಸ್ಟ್ರೈಕರ್ ಕೂಡ ಇದ್ದರು. 1930ರ ದಶಕದಲ್ಲಿ ಅಮೆರಿಕದ ರೈತರ ಕಷ್ಟವನ್ನು ದಾಖಲಿಸಿದ ಸರ್ಕಾರಿ ಫೋಟೊ ಯೋಜನೆ ನಡೆಸಿದವರು ಅವರೇ. ಡೊರೊಥಿಯಾ ಲ್ಯಾಂಗ್, ವಾಕರ್ ಇವಾನ್ಸ್, ರಸೆಲ್ ಲೀ ಎಲ್ಲರೂ ಅವರ ಕೈಕೆಳಗೆ ಕೆಲಸ ಮಾಡಿದವರು. ಹೊರಡುವ ಮುಂಚೆ ಏನೇನು ನೋಡಬೇಕು ಅಂತ ಪಟ್ಟಿ ಬರೆದು ಕೊಡುತ್ತಿದ್ದರು. ಆದರೆ ಅದೇ ಸ್ಟ್ರೈಕರ್ ತಮಗೆ ಬೇಡವಾದ ನೆಗೆಟಿವ್‌ಗಳಿಗೆ ಪಂಚ್‌ನಿಂದ ತೂತು ಹಾಕಿಬಿಡುತ್ತಿದ್ದರು. ಮಧ್ಯೆ ಕಪ್ಪು ಚುಕ್ಕೆ ಇರುವ ಆ ಫೋಟೊಗಳು ಇವತ್ತಿಗೂ ಸಿಗುತ್ತವೆ. ಕೆಲವನ್ನು ನೋಡಿದರೆ ಹೊಟ್ಟೆ ಉರಿಯುತ್ತೆ, ಅಷ್ಟು ಚೆನ್ನಾಗಿವೆ.

ಅದಕ್ಕೇ ನಾನು ಕಿರಿಯರಿಗೆ ಎರಡು ಮಾತು ಹೇಳುವುದು. ಎಡಿಟರ್‌ಗೆ ಫೋಟೊ ತೋರಿಸಿ. ಆದರೆ ಬೇಡ ಅಂದದ್ದನ್ನು ಅಳಿಸಬೇಡಿ. ಕ್ಯಾಮೆರಾದಲ್ಲಂತೂ ಅಳಿಸಲೇಬೇಡಿ.

ಕಪ್ಪು ಬಿಳುಪು
ಅಲ್ಲ ಸರ್, ಮಿಸೌರಿಗೆ ಹೋಗಿ ಬರುವುದು ಎಲ್ಲರಿಗೂ ಆಗುವ ಮಾತಾ? ದುಡ್ಡಿದ್ದವರ ಮಾತು ಇದು.

ಒಂಟಿ ಲೆನ್ಸ್
ಎಲ್ಲವೂ ದುಡ್ಡಿನದಲ್ಲ. ಎಡ್ಡಿ ಆಡಮ್ಸ್ ವರ್ಕ್‌ಶಾಪ್‌ಗೆ ಶುಲ್ಕವೇ ಇಲ್ಲ. 1968ರಲ್ಲಿ ಸೈಗಾನ್ ಬೀದಿಯಲ್ಲಿ ಪೊಲೀಸ್ ಮುಖ್ಯಸ್ಥ ಕೈದಿಯ ತಲೆಗೆ ಗುಂಡು ಹೊಡೆಯುವ ಫೋಟೊ ತೆಗೆದವರು ಆಡಮ್ಸ್. 1988ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ತಮ್ಮ ತೋಟದಲ್ಲೇ ಇದನ್ನು ಶುರು ಮಾಡಿದರು. ವರ್ಷಕ್ಕೆ 100 ಜನ, ಪೋರ್ಟ್‌ಫೋಲಿಯೊ (ನಾವೇ ಆರಿಸಿದ ಫೋಟೊಗಳ ಸಂಗ್ರಹ) ನೋಡಿ ಆರಿಸುತ್ತಾರೆ. ಹತ್ತು ತಂಡ ಮಾಡಿ ಒಂದೊಂದು ತಂಡಕ್ಕೂ ಅಸೈನ್‌ಮೆಂಟ್ ಕೊಡುತ್ತಾರೆ. ಏಷ್ಯಾದವರಿಗೆ ಕಾಂಬೋಡಿಯಾದ ಸಿಯೆಮ್ ರೀಪ್‌ನಲ್ಲಿ ಅಂಕೋರ್ ಫೋಟೊ ಉತ್ಸವದ ಕಾರ್ಯಾಗಾರ ಇದೆ, 2005ರಿಂದ. ಅದಕ್ಕೂ ಶುಲ್ಕ ಇಲ್ಲ. ಸುದ್ದಿ ಫೋಟೊಗಳ ಅಂತರರಾಷ್ಟ್ರೀಯ ಸ್ಪರ್ಧೆ ನಡೆಸುವ ವರ್ಲ್ಡ್ ಪ್ರೆಸ್ ಫೋಟೊದವರು 1994ರಲ್ಲಿ ಯೋಪ್ ಸ್ವಾರ್ಟ್ ಮಾಸ್ಟರ್‌ಕ್ಲಾಸ್ ಶುರು ಮಾಡಿದ್ದೂ ದುಡ್ಡು ತಗೊಂಡು ಅಲ್ಲ, ಬೇರೆಯವರು ಹೆಸರು ಸೂಚಿಸಬೇಕಿತ್ತು.

ಪ್ರಯಾಣದ ಖರ್ಚು ನಮ್ಮದೇ ಆಗಬಹುದು, ಅದು ನಿಜ. ಅರ್ಜಿ ಹಾಕಲು ಪೋರ್ಟ್‌ಫೋಲಿಯೊ ಬೇಕು, ಅದೂ ನಿಜ. ಆದರೆ ಅರ್ಜಿಗಾಗಿ ಇಪ್ಪತ್ತು ಫೋಟೊ ಆರಿಸುತ್ತಾ ಕೂತಾಗಲೇ ಅರ್ಧ ಪಾಠ ಆಗಿಹೋಗುತ್ತೆ. ನಾನು ಮೂರು ಸಲ ಹಾಕಿದೆ, ಮೂರು ಸಲವೂ ಸಿಗಲಿಲ್ಲ. ಮೂರನೇ ಸಲದ ಇಪ್ಪತ್ತು ಫೋಟೊ ತೋರಿಸಿ ನನಗೆ ಈಗಿನ ಕೆಲಸ ಸಿಕ್ಕಿತು.

ಬೆಳಕಿನ ಹಿಂದೆ
ಒಂಟಿ ಲೆನ್ಸ್ ಅವರೇ, ನಿಮ್ಮ ಕೊನೆಯ ಸಾಲು ಓದಿ ಖುಷಿ ಆಯ್ತು. ಆಯ್ಕೆ ಹೇಗೆ ಮಾಡಿದಿರಿ ಅಂತ ಬರೆಯುತ್ತೀರಾ?

ಒಂಟಿ ಲೆನ್ಸ್
ಬರೆಯುತ್ತೇನೆ. ಮೊದಲು ಬಿಡಿ ಫೋಟೊಗಳನ್ನು ಕಮ್ಮಿ ಮಾಡಿದೆ. ಎರಡು ಕಥೆ ಇಟ್ಟುಕೊಂಡೆ. ಒಂದೇ ತರಹದ ಎರಡು ಫೋಟೊ ಇದ್ದರೆ ಒಂದು ಹೊರಗೆ. ತೆಗೆಯಲು ಎಷ್ಟು ಕಷ್ಟ ಆಯಿತು ಅನ್ನೋದನ್ನು ಮನಸ್ಸಿನಿಂದ ತೆಗೆದು ಹಾಕಬೇಕು, ಅದೇ ಎಲ್ಲಕ್ಕಿಂತ ಕಷ್ಟ. ಸೊಂಟದವರೆಗೆ ನೀರಲ್ಲಿ ನಿಂತು ತೆಗೆದದ್ದು ಅಂತ ನನಗೆ ಗೊತ್ತು. ನೋಡುವವರಿಗೆ ಫೋಟೊ ಮಾತ್ರ ಕಾಣುತ್ತೆ.

ಮೂರನೇ ಫ್ರೇಮ್
ನನ್ನದು ಬೇರೆ ಅಭಿಪ್ರಾಯ. ಒಂದಕ್ಕೆ ಮಾತ್ರ ಹೋಗಲು ಆಗುವುದಾದರೆ ಪ್ರಥಮ ಚಿಕಿತ್ಸೆ ಮತ್ತು ಸುರಕ್ಷತೆಯ ತರಬೇತಿಗೆ ಹೋಗಿ. ಫೋಟೊ ಆಮೇಲೆ ಕಲಿಯಬಹುದು.

ಯುದ್ಧದ ಫೋಟೊ ತೆಗೆಯುತ್ತಿದ್ದ ಟಿಮ್ ಹೆದರಿಂಗ್ಟನ್ ಲಿಬಿಯಾದ ಮಿಸ್ರಾತಾದಲ್ಲಿ 2011ರ ಏಪ್ರಿಲ್ 20ರಂದು ತೀರಿಕೊಂಡರು. ಅದೇ ಸ್ಫೋಟದಲ್ಲಿ ಇನ್ನೊಬ್ಬ ಫೋಟೊಗ್ರಾಫರ್ ಕ್ರಿಸ್ ಹಾಂಡ್ರೋಸ್ ಕೂಡ ಹೋದರು. ಹೆದರಿಂಗ್ಟನ್ ಅವರಿಗೆ ತಗುಲಿದ ಗಾಯದಿಂದ ರಕ್ತ ಹರಿದು ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಯಿತು. ರಕ್ತ ನಿಲ್ಲಿಸುವುದು ಪಕ್ಕದಲ್ಲಿದ್ದವರಿಗೆ ಗೊತ್ತಿದ್ದರೆ ಉಳಿಯುತ್ತಿದ್ದರೇನೋ ಅನ್ನುವ ಸಂಕಟದಲ್ಲೇ ಅವರ ಗೆಳೆಯ ಸೆಬಾಸ್ಟಿಯನ್ ಯುಂಗರ್ ‘ರಿಸ್ಕ್’ ಅನ್ನುವ ಸಂಸ್ಥೆ ಕಟ್ಟಿದರು. ಫ್ರೀಲಾನ್ಸ್ ಪತ್ರಕರ್ತರಿಗೆ ಉಚಿತವಾಗಿ ಜೀವ ಉಳಿಸುವ ಚಿಕಿತ್ಸೆ ಕಲಿಸುವುದು ಅದರ ಕೆಲಸ. ಸುದ್ದಿ ಸಂಸ್ಥೆಯ ನೌಕರರನ್ನು ಆ ಸಂಸ್ಥೆಯೇ ತರಬೇತಿಗೆ ಕಳಿಸುತ್ತೆ. ಫ್ರೀಲಾನ್ಸ್‌ನವರನ್ನು ಯಾರು ಕಳಿಸುತ್ತಾರೆ?

ಶಟರ್ 250
ಗೌರವ ಇದೆ, ಆದರೆ ನಮ್ಮಲ್ಲಿ ಬಹಳ ಜನ ಯುದ್ಧಕ್ಕೆ ಹೋಗಲ್ಲ ಅಲ್ವಾ?

ಮೂರನೇ ಫ್ರೇಮ್
ಯುದ್ಧಕ್ಕೆ ಹೋಗಬೇಕಾಗಿಲ್ಲ. ಕಲ್ಲು ತೂರಾಟ, ಲಾಠಿ ಚಾರ್ಜ್, ಪ್ರವಾಹ, ಬೆಂಕಿ, ಹೆದ್ದಾರಿ ಅಪಘಾತ. ಇವುಗಳಲ್ಲಿ ಯಾವುದಕ್ಕೂ ಹೋಗದ ಸುದ್ದಿ ಫೋಟೊಗ್ರಾಫರ್ ಇದ್ದಾರಾ?

ನಾನು ಕಲಿತದ್ದು ಎರಡು ದಿನದ ತರಬೇತಿಯಲ್ಲಿ. ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು. ರಕ್ತ ತಡೆಯುವ ಟೂರ್ನಿಕೆಟ್ ಪಟ್ಟಿಯನ್ನು ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ ಕಟ್ಟಬೇಕು, ಮೊಣಕಾಲು ಮೊಣಕೈ ಗಂಟಿನ ಮೇಲೆ ಕಟ್ಟಬಾರದು. ರಕ್ತ ನಿಲ್ಲುವವರೆಗೆ ಬಿಗಿ ಮಾಡಬೇಕು. ಗಾಯಾಳು ನೋವಿಗೆ ಕಿರುಚುತ್ತಾರೆ, ಸಡಿಲ ಮಾಡಬಾರದು. ಕಟ್ಟಿದ ಸಮಯ ಬರೆದಿಡಬೇಕು. ಓದಿದರೆ ನಾಲ್ಕು ಸಾಲು. ಆದರೆ ಕತ್ತಲಲ್ಲಿ, ಒದ್ದೆ ಕೈಯಲ್ಲಿ, ಪಕ್ಕದಲ್ಲಿ ಯಾರೋ ಕೂಗುತ್ತಿರುವಾಗ ಇಪ್ಪತ್ತು ಸಲ ಮಾಡಿಸಿದರು. ಮೊದಲ ಸಲ ನನ್ನ ಕೈ ಅಲ್ಲಾಡುತ್ತಿತ್ತು. ಆರು ತಿಂಗಳಿಗೆ ರಸ್ತೆ ಬದಿಯಲ್ಲಿ ಅದು ಉಪಯೋಗಕ್ಕೆ ಬಂತು. ಆ ಹುಡುಗ ಬದುಕಿದ. ಅವತ್ತು ನಾನು ಒಂದೂ ಫೋಟೊ ತೆಗೆಯಲಿಲ್ಲ.

ಮೈದಾನದ ಬದಿ
ಮೂರನೇ ಫ್ರೇಮ್ ಸರ್, ನಿಮಗೆ ನಮಸ್ಕಾರ.

ಹೊಸ ಕಣ್ಣು
ನನ್ನ ಬ್ಯಾಗಿನಲ್ಲಿ ಎರಡು ಬ್ಯಾಟರಿ, ಮೂರು ಕಾರ್ಡ್, ಒಂದು ಮಳೆ ಕವರ್ ಇದೆ. ಬ್ಯಾಂಡೇಜ್ ಇಲ್ಲ. ನಾಳೆನೇ ತರುತ್ತೇನೆ.

ಮೂರನೇ ಫ್ರೇಮ್
ತಾ. ಆದರೆ ಟೂರ್ನಿಕೆಟ್ ಬ್ಯಾಗಿನ ತಳದಲ್ಲಿ ಇಡಬೇಡ. ಯಾವ ಕೈಗೂ ಸಿಗುವ ಹಾಗೆ ಹೊರಗೆ ಇರಬೇಕು. ನಿನಗೇ ಪೆಟ್ಟಾದರೆ ಒಂದೇ ಕೈಯಲ್ಲಿ ಕಟ್ಟಿಕೊಳ್ಳಬೇಕಾಗುತ್ತೆ. ತಂದಮೇಲೆ ಅಭ್ಯಾಸ ಮಾಡು, ಸುಮ್ನೆ ಇಟ್ಟುಕೊಂಡರೆ ಪ್ರಯೋಜನ ಇಲ್ಲ.

ಅಡಿಬರಹ
ಸುರಕ್ಷತೆ ಒಪ್ಪುತ್ತೇನೆ. ಕಥೆ ಹೇಳುವುದೂ ಒಪ್ಪುತ್ತೇನೆ. ಆದರೆ ಕ್ಯಾಪ್ಷನ್ ಬರೆಯುವುದನ್ನು ಯಾವ ಕಾರ್ಯಾಗಾರದಲ್ಲೂ ಸರಿಯಾಗಿ ಕಲಿಸುತ್ತಿಲ್ಲ ಅನ್ನುವುದು ನನ್ನ ದೂರು.

ಸುದ್ದಿ ಸಂಸ್ಥೆಗಳ ಕ್ರಮ ಸರಳ. ಮೊದಲ ವಾಕ್ಯ ವರ್ತಮಾನ ಕಾಲದಲ್ಲಿ: ಯಾರು, ಏನು ಮಾಡುತ್ತಿದ್ದಾರೆ, ಎಲ್ಲಿ, ಯಾವತ್ತು. ಎರಡನೇ ವಾಕ್ಯ ಹಿನ್ನೆಲೆ. ಇಷ್ಟೇ. ಆದರೆ ಬರುವ ಕ್ಯಾಪ್ಷನ್‌ಗಳು ಹೇಗಿರುತ್ತವೆ? ‘ದುಃಖದಲ್ಲಿ ಮುಳುಗಿರುವ ಮಹಿಳೆ’. ಯಾವ ಮಹಿಳೆ? ಅವರಿಗೆ ಹೆಸರಿಲ್ಲವಾ? ದುಃಖ ಅಂತ ನಿಮಗೆ ಹೇಗೆ ಗೊತ್ತು, ಬಿಸಿಲಿಗೆ ಕಣ್ಣು ಮುಚ್ಚಿರಬಹುದಲ್ಲ? ಕೇಳಿದಿರಾ?

ಹಾಗೇ ಐಪಿಟಿಸಿ ಜಾಗಗಳು. ಫೋಟೊ ಫೈಲಿನ ಒಳಗೇ ನಿಮ್ಮ ಹೆಸರು, ಹಕ್ಕು, ಸ್ಥಳ, ದಿನಾಂಕ, ವಿವರ ತುಂಬಲು ಇರುವ ವ್ಯವಸ್ಥೆ ಅದು. ಕಾರ್ಡಿನಿಂದ ಇಳಿಸುವಾಗಲೇ ಒಂದು ಟೆಂಪ್ಲೇಟ್ ಹಾಕಿದರೆ ಅರ್ಧ ಕೆಲಸ ಆಗುತ್ತೆ. ಹತ್ತು ವರ್ಷದ ನಂತರ ಆ ಫೋಟೊ ಹುಡುಕುವವರಿಗೆ ಸಿಗುವುದು ಆ ಅಕ್ಷರಗಳಿಂದ.

ಕಪ್ಪು ಬಿಳುಪು
ಫೋಟೊ ಚೆನ್ನಾಗಿದ್ದರೆ ಕ್ಯಾಪ್ಷನ್ ಬೇಕಾಗಲ್ಲ. ಫೋಟೊನೇ ಮಾತಾಡಬೇಕು.

ಅಡಿಬರಹ
ಇಲ್ಲ, ಇಲ್ಲ. ಗೋಡೆಗೆ ಹಾಕುವ ಫೋಟೊ ಬೇರೆ, ಸುದ್ದಿ ಫೋಟೊ ಬೇರೆ. ಓಡುತ್ತಿರುವ ಹುಡುಗನ ಫೋಟೊ ಕೊಡಿ. ‘ಪೊಲೀಸರಿಂದ ತಪ್ಪಿಸಿಕೊಳ್ಳುತ್ತಿರುವ’ ಅಂತ ಬರೆದರೆ ಒಂದು ಅರ್ಥ. ‘ತಂಗಿಯನ್ನು ಹುಡುಕುತ್ತಾ ಓಡುತ್ತಿರುವ’ ಅಂತ ಬರೆದರೆ ಇನ್ನೊಂದು. ಫೋಟೊ ಒಂದೇ. ಆ ಹುಡುಗ ಇಡೀ ಜೀವನ ಯಾವ ಹೆಸರು ಹೊತ್ತು ತಿರುಗಬೇಕು ಅನ್ನುವುದು ನಿಮ್ಮ ಆ ಒಂದು ಸಾಲಿನ ಮೇಲೆ ನಿಂತಿದೆ.

ಕಪ್ಪು ಬಿಳುಪು
ಸರಿ, ಈ ಉದಾಹರಣೆಗೆ ನನ್ನ ಹತ್ತಿರ ಉತ್ತರ ಇಲ್ಲ. ಒಪ್ಪಿದೆ.

ಹಳೇ ರೀಲು
ಹೆಸರು, ದಾಖಲೆ ಅಂದಿದ್ದಕ್ಕೆ ನೆನಪಾಯಿತು. ವಿಯೆಟ್ನಾಂನಲ್ಲಿ 1972ರ ಜೂನ್ 8ರಂದು ತೆಗೆದ ನಾಪಾಮ್ ಬೆಂಕಿ ಬಾಂಬ್ ದಾಳಿಯ ಫೋಟೊ ಎಲ್ಲರೂ ನೋಡಿದ್ದೀರಿ, ಬೆತ್ತಲೆ ಓಡಿ ಬರುವ ಹುಡುಗಿ. ಐವತ್ತು ವರ್ಷ ನಿಕ್ ಉಟ್ ಹೆಸರಲ್ಲೇ ಇತ್ತು. ಈಗ ಬೇರೆಯವರು ತೆಗೆದದ್ದು ಅನ್ನುವ ವಾದ ಎದ್ದು, 2025ರ ಮೇ ತಿಂಗಳಲ್ಲಿ ವರ್ಲ್ಡ್ ಪ್ರೆಸ್ ಫೋಟೊದವರು ಹೆಸರನ್ನು ತಡೆಹಿಡಿದರು. ಅಸೋಸಿಯೇಟೆಡ್ ಪ್ರೆಸ್ ತಾನೂ ತನಿಖೆ ಮಾಡಿ, ಹೆಸರು ಬದಲಿಸುವಷ್ಟು ಸಾಕ್ಷಿ ಇಲ್ಲ ಅಂತ ಉಟ್ ಹೆಸರನ್ನೇ ಉಳಿಸಿಕೊಂಡಿದೆ. ರೀಲು ಯಾರ ಕ್ಯಾಮೆರಾದಿಂದ ಬಂತು ಅನ್ನುವ ಪ್ರಶ್ನೆ ಅರ್ಧ ಶತಮಾನದ ನಂತರವೂ ಮುಗಿದಿಲ್ಲ. ಮಕ್ಕಳೇ, ಫೈಲಿಗೆ ಹೆಸರು ಹಾಕಿ.

ಶಟರ್ 250
ಇದಕ್ಕೇ ಈಗ ಕ್ಯಾಮೆರಾದಲ್ಲೇ ಸಹಿ ಹಾಕುವ ತಂತ್ರ ಬಂದಿದೆ. ಸಿ2ಪಿಎ ಅಂತಾರೆ. ಫೋಟೊ ಯಾವ ಕ್ಯಾಮೆರಾದಲ್ಲಿ ಯಾವಾಗ ತೆಗೆದದ್ದು, ಆಮೇಲೆ ಏನೇನು ಬದಲಾಯಿತು ಅನ್ನುವುದು ಫೈಲಿನ ಜೊತೆಗೇ ಹೋಗುತ್ತೆ. 2023ರಲ್ಲಿ ಲೈಕಾ ಎಂ11-ಪಿ ಇದನ್ನು ಒಳಗೇ ಇಟ್ಟುಕೊಂಡು ಬಂದ ಮೊದಲ ಕ್ಯಾಮೆರಾ. ಎಐ ಚಿತ್ರಗಳ ಕಾಲದಲ್ಲಿ ಇದರ ಬಗ್ಗೆ ಕಾರ್ಯಾಗಾರ ಬೇಕೇ ಬೇಕು.

ಡೆಸ್ಕ್ ಕಡೆಯಿಂದ
ಬೇಕು. ಆದರೆ ಸಹಿ ಇದ್ದ ಮಾತ್ರಕ್ಕೆ ಫೋಟೊ ಸತ್ಯ ಆಗಲ್ಲ. ನಿಲ್ಲಿಸಿ ಪೋಸ್ ಕೊಡಿಸಿ ತೆಗೆದ ಫೋಟೊಗೂ ಕ್ಯಾಮೆರಾ ಸಹಿ ಹಾಕುತ್ತೆ.

ಮೈದಾನದ ಬದಿ
ಎಡಿಟಿಂಗ್ ಎಷ್ಟು ಮಾಡಬಹುದು ಅನ್ನುವುದರ ಬಗ್ಗೆ ನಾನು ಹೋಗಿದ್ದ ಒಂದು ದಿನದ ತರಬೇತಿ ತುಂಬಾ ಉಪಯೋಗ ಆಯಿತು. ತಪ್ಪು ಮಾಡಿ ಕೆಲಸ ಕಳೆದುಕೊಂಡವರ ಉದಾಹರಣೆಗಳನ್ನೇ ಇಟ್ಟು ಚರ್ಚೆ ಮಾಡಿಸಿದರು. 2003ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ನ ಬ್ರಯಾನ್ ವಾಲ್ಸ್ಕಿ ಇರಾಕಿನ ಎರಡು ಫೋಟೊ ಸೇರಿಸಿ ಒಂದು ಮಾಡಿದರು, ಕೆಲಸ ಹೋಯಿತು. 2006ರಲ್ಲಿ ಅದ್ನಾನ್ ಹಜ್ ಬೈರೂತ್‌ನ ಹೊಗೆಯನ್ನು ಕ್ಲೋನ್ ಮಾಡಿ, ಅಂದರೆ ಫೋಟೊದಲ್ಲೇ ನಕಲು ಮಾಡಿ ಅಂಟಿಸಿ, ಹೆಚ್ಚಿಸಿದರು. ರಾಯಿಟರ್ಸ್ ಸುದ್ದಿ ಸಂಸ್ಥೆ ಅವರ 920 ಫೋಟೊಗಳನ್ನೂ ಸಂಗ್ರಹದಿಂದ ತೆಗೆಯಿತು. ನಾರ್ಸಿಸೋ ಕಾಂಟ್ರೆರಾಸ್ ಸಿರಿಯಾದ ಫೋಟೊದ ಮೂಲೆಯಲ್ಲಿದ್ದ ಒಂದು ವಿಡಿಯೊ ಕ್ಯಾಮೆರಾ ಅಳಿಸಿದರು, 2014ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಅವರ ಜೊತೆ ಸಂಬಂಧವನ್ನೇ ಕಡಿದುಕೊಂಡಿತು. ಪುಲಿಟ್ಜರ್ ಗೆದ್ದ ತಂಡದಲ್ಲಿದ್ದವರು ಅವರು.

ಮೂರನೆಯದರ ಮೇಲೆ ನಮ್ಮ ಗುಂಪಲ್ಲಿ ಜಗಳವೇ ಆಯಿತು. ಮೂಲೆಯ ಒಂದು ಸಣ್ಣ ವಸ್ತು, ಅಷ್ಟಕ್ಕೆ ಇಷ್ಟು ದೊಡ್ಡ ಶಿಕ್ಷೆಯಾ ಅಂತ ನಾನೂ ಕೇಳಿದೆ. ಆಮೇಲೆ ಒಬ್ಬರು ಹೇಳಿದರು: ಇವತ್ತು ಅಳಿಸಿದ್ದು ಕ್ಯಾಮೆರಾ ಅಂತ ಓದುಗರಿಗೆ ಗೊತ್ತಾಗಲು ನಿಮ್ಮ ಮಾತು ಬಿಟ್ಟು ಬೇರೆ ಆಧಾರ ಏನಿದೆ? ಅಲ್ಲಿಗೆ ನಾನು ಸುಮ್ಮನಾದೆ.

ಹೊಸ ಕಣ್ಣು
ರಾಯಿಟರ್ಸ್‌ನವರು ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ತೆಗೆಯುವುದನ್ನೇ ನಿಷೇಧ ಮಾಡಿದ್ದಾರಂತಲ್ಲ?

ಮೈದಾನದ ಬದಿ
ಹಾಗಲ್ಲ. 2015ರಲ್ಲಿ ಅವರು ಫ್ರೀಲಾನ್ಸ್‌ನವರಿಗೆ ಹೇಳಿದ್ದು, ರಾ ಫೈಲಿನಿಂದ ಸಂಸ್ಕರಿಸಿದ ಫೋಟೊ ಕಳಿಸಬೇಡಿ, ಕ್ಯಾಮೆರಾದಲ್ಲೇ ಜೆಪೆಗ್ ಆಗಿ ಬಂದದ್ದನ್ನು ಕಳಿಸಿ ಅಂತ. ನಿನಗೆ ಬೇಕಾದರೆ ರಾ ಕೂಡ ಜೊತೆಗೆ ತೆಗೆದಿಟ್ಟುಕೊಳ್ಳಬಹುದು. ಅದೇ ವರ್ಷ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಕೊನೆಗಿಂತ ಹಿಂದಿನ ಸುತ್ತಿಗೆ ಬಂದಿದ್ದ ಫೋಟೊಗಳಲ್ಲಿ ಸುಮಾರು 20 ಪ್ರತಿಶತ ಅನರ್ಹ ಆಗಿದ್ದವು. ಮೂಲ ಫೈಲ್ ಕೇಳಿ ಹೋಲಿಸಿ ನೋಡಿದಾಗ ಸಿಕ್ಕಿಬಿದ್ದದ್ದು. ಅದಕ್ಕೇ ಮೂಲ ಫೈಲ್ ಜೋಪಾನ.

ಒಂಟಿ ಲೆನ್ಸ್
ಒಂದು ವಿಷಯ ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ಹೆಣ್ಣುಮಕ್ಕಳು ಕಾರ್ಯಾಗಾರ ಆರಿಸುವಾಗ ನೋಡುವುದು ಬೇರೆ. ಕಲಿಸುವವರಲ್ಲಿ ಎಷ್ಟು ಹೆಂಗಸರಿದ್ದಾರೆ? ದೂರು ಕೊಡಬೇಕಾದರೆ ಯಾರಿಗೆ? ಪೋರ್ಟ್‌ಫೋಲಿಯೊ ನೋಡುವುದು ಎಲ್ಲಿ, ಎಷ್ಟು ಹೊತ್ತಿಗೆ?

ನಾನು ಹೊಸಬಳಿದ್ದಾಗ ಹೋದ ಒಂದು ಶಿಬಿರದಲ್ಲಿ, ರಾತ್ರಿ ಹನ್ನೊಂದಕ್ಕೆ ರೂಮಿಗೆ ಬಂದರೆ ಫೋಟೊ ನೋಡುತ್ತೇನೆ ಅಂದರು ಹಿರಿಯರೊಬ್ಬರು. ನಾನು ಹೋಗಲಿಲ್ಲ. ಮಾರನೇ ದಿನ ಎಲ್ಲರ ಮುಂದೆ, ಇವರಿಗೆ ಕಲಿಯುವ ಆಸಕ್ತಿ ಇಲ್ಲ ಅಂತ ಹೇಳಿದರು. ಐದು ವರ್ಷ ಇನ್ನೊಂದು ಶಿಬಿರದ ಹತ್ತಿರ ಸುಳಿಯಲಿಲ್ಲ. ಆ ಐದು ವರ್ಷ ನನ್ನ ಕೈಯಿಂದ ಹೋದದ್ದಕ್ಕೆ ಇವತ್ತಿಗೂ ಸಿಟ್ಟಿದೆ.

2017ರಲ್ಲಿ ಶುರುವಾದ ವಿಮೆನ್ ಫೋಟೊಗ್ರಾಫ್ ತರಹದ ಗುಂಪುಗಳು ಈಗ ಇವೆ. ಹಿರಿಯರನ್ನು ಕಿರಿಯರ ಜೊತೆ ಜೋಡಿ ಮಾಡುತ್ತಾರೆ. ನನಗೆ ಆಗ ಇದು ಇದ್ದಿದ್ದರೆ ಅನಿಸುತ್ತೆ.

ಡೆಸ್ಕ್ ಕಡೆಯಿಂದ
ಬರೆದಿದ್ದಕ್ಕೆ ಧನ್ಯವಾದ ಕಣಮ್ಮ. ನಡವಳಿಕೆಯ ನಿಯಮವನ್ನು ಮೊದಲೇ ಬರಹದಲ್ಲಿ ಕೊಡದ ಕಾರ್ಯಾಗಾರಕ್ಕೆ ನಾನು ಈಗ ಯಾರನ್ನೂ ಕಳಿಸಲ್ಲ. ಫೋಟೊ ನೋಡುವುದು ಹಗಲಲ್ಲಿ, ತೆರೆದ ಕೋಣೆಯಲ್ಲಿ, ನಾಲ್ಕು ಜನರ ಎದುರು. ಅದಕ್ಕೆ ಒಪ್ಪದವರು ಕಲಿಸುವ ಕೆಲಸಕ್ಕೆ ಬೇಡ.

ಮೂರನೇ ಫ್ರೇಮ್
ಒಂಟಿ ಲೆನ್ಸ್ ಅವರೇ, ಅಂಥವರ ಎದುರು ಅವತ್ತು ಕೂತಿದ್ದವರಲ್ಲಿ ನನ್ನಂಥವರೂ ಇದ್ದಿರಬಹುದು, ಬಾಯಿ ಬಿಡದೆ. ಇನ್ನು ಮುಂದೆ ಹಾಗೆ ಇರಬಾರದು.

ಶಟರ್ 250
ಮನಸ್ಸಿನ ಆರೋಗ್ಯದ ಬಗ್ಗೆಯೂ ತರಬೇತಿ ಬೇಕು. ಎರಡು ತಿಂಗಳು ಶವಾಗಾರದ ಹೊರಗೆ ನಿಂತು ಕೆಲಸ ಮಾಡಿದೆ. ಆಮೇಲೆ ಎಷ್ಟೋ ದಿನ ನಿದ್ದೆ ಬರಲಿಲ್ಲ. ಇದಕ್ಕೆ ಒಂದು ಹೆಸರಿದೆ, ಚಿಕಿತ್ಸೆ ಇದೆ ಅಂತ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಡಾರ್ಟ್ ಸೆಂಟರ್ ಅನ್ನುವ ಸಂಸ್ಥೆ ಪತ್ರಕರ್ತರು ಮತ್ತು ಆಘಾತದ ವಿಷಯದ ಮೇಲೇ ಕೆಲಸ ಮಾಡಿದೆ. ಅವರ ಬರಹಗಳಲ್ಲಿ ನನಗೆ ಉಪಯೋಗ ಆದದ್ದು ಒಂದು ಸಣ್ಣ ವಿಷಯ: ಎಡಿಟ್ ಮಾಡುವಾಗ ಕಠಿಣ ಫೋಟೊಗಳನ್ನು ಅಗತ್ಯಕ್ಕಿಂತ ಜಾಸ್ತಿ ಹೊತ್ತು ದೊಡ್ಡದಾಗಿ ನೋಡಬೇಡಿ, ನಡುವೆ ಎದ್ದು ಬನ್ನಿ. ಮತ್ತೆ ಎದುರಿಗಿರುವ ಸಂತ್ರಸ್ತರ ಜೊತೆ ಹೇಗೆ ಮಾತಾಡಬೇಕು ಅನ್ನುವುದೂ ಅದರಲ್ಲೇ ಇದೆ.

ಕಪ್ಪು ಬಿಳುಪು
ಶಟರ್ 250, ಈಗ ಹೇಗಿದ್ದೀರಿ?

ಶಟರ್ 250
ಈಗ ಪರವಾಗಿಲ್ಲ. ಕೇಳಿದ್ದಕ್ಕೆ ಸಂತೋಷ ಆಯ್ತು.

ಮೈದಾನದ ಬದಿ
ಹಕ್ಕು ಮತ್ತು ಒಪ್ಪಂದದ ಬಗ್ಗೆ ಒಂದು ಮಾತು. ಎಲ್ಲ ಹಕ್ಕೂ ಶಾಶ್ವತವಾಗಿ ಬಿಟ್ಟುಕೊಡುತ್ತೇನೆ ಅನ್ನುವ ಸಾಲಿಗೆ ಓದದೆ ಸಹಿ ಹಾಕಿದೆ. ನಾನು ತೆಗೆದ ಒಂದು ಫೋಟೊ ಆಮೇಲೆ ಎಷ್ಟೋ ಕಡೆ ಬಂತು, ಜಾಹೀರಾತಿನಲ್ಲೂ ಬಂತು. ಫೋಟೊದಲ್ಲಿದ್ದ ಆಟಗಾರ್ತಿ ನನಗೆ ಫೋನ್ ಮಾಡಿ, ನನ್ನನ್ನು ಕೇಳದೆ ಮಾರಿದಿರಾ ಅಂದರು. ಒಂದು ಸಲಕ್ಕೆ, ಇಂತಿಷ್ಟು ಕಾಲಕ್ಕೆ, ಇಂಥ ಬಳಕೆಗೆ ಮಾತ್ರ ಅನುಮತಿ ಕೊಡಬಹುದು ಅಂತ ಆಗ ನನಗೆ ಗೊತ್ತೇ ಇರಲಿಲ್ಲ. ಇದನ್ನು ಅರ್ಧ ದಿನದಲ್ಲಿ ಕಲಿಸಬಹುದು. ಯಾರೂ ಕಲಿಸಲ್ಲ.

ಹೊಸ ಕಣ್ಣು
ಎಲ್ಲರಿಗೂ ಒಂದು ಪ್ರಶ್ನೆ. ಕಾರ್ಯಾಗಾರಕ್ಕೆ ಹೋಗುವ ಮುಂಚೆ 35 ಎಂಎಂ ಲೆನ್ಸ್ ತಗೊಳ್ಳಲಾ, 24-70 ತಗೊಳ್ಳಲಾ?

ಹಳೇ ರೀಲು
ಈಗ ಇರುವುದು ಯಾವುದೋ ಅದನ್ನೇ ತಗೊಂಡು ಹೋಗು ಮಗಾ.

ಡೆಸ್ಕ್ ಕಡೆಯಿಂದ
ಮೂಲ ಪ್ರಶ್ನೆಗೆ ವಾಪಸ್ ಬರುತ್ತೇನೆ. ದುಡ್ಡು ಕಟ್ಟುವ ಮುಂಚೆ ನಡೆಸುವವರಿಗೆ ಒಂದು ಪತ್ರ ಬರೆಯಿರಿ. ಎಷ್ಟು ಜನ ಬರುತ್ತಾರೆ, ನನ್ನ ಫೋಟೊಗಳನ್ನು ಯಾರು ನೋಡುತ್ತಾರೆ, ಎಷ್ಟು ಹೊತ್ತು, ಆರಿಸಿದ ಫೋಟೊಗಳನ್ನಾ ಅಥವಾ ತೆಗೆದ ಎಲ್ಲವನ್ನೂನಾ? ಕೊನೆಯ ಪ್ರಶ್ನೆ ಮುಖ್ಯ. ಆರಿಸಿದ ಹತ್ತನ್ನು ತೋರಿಸಿದರೆ ನಿಮ್ಮ ರುಚಿ ಗೊತ್ತಾಗುತ್ತೆ. ತೆಗೆದ ಎಲ್ಲವನ್ನೂ ತೋರಿಸಿದರೆ ನೀವು ಹೇಗೆ ಯೋಚನೆ ಮಾಡಿದಿರಿ, ಎಲ್ಲಿ ಹೆದರಿದಿರಿ, ಯಾವಾಗ ಬೇಸರ ಆಗಿ ಹೊರಟಿರಿ ಎಲ್ಲ ಗೊತ್ತಾಗುತ್ತೆ.

ಮತ್ತೆ ಕಾಯಬೇಕಾಗಿಯೂ ಇಲ್ಲ. ಐದು ಜನ ಸೇರಿ ತಿಂಗಳಿಗೆ ಒಂದು ಸಲ ಒಬ್ಬರ ಪೂರ್ತಿ ಕೆಲಸ ನೋಡಿ. ಹೊಗಳಿಕೆ ಬೇಡ. ‘ಈ ಕಥೆಯಲ್ಲಿ ಯಾವ ಫೋಟೊ ಇಲ್ಲ?’ ಅಂತ ಮಾತ್ರ ಕೇಳಿ. ಹಿಂದೆ ಲೈಫ್ ಪತ್ರಿಕೆಯವರ ಒಂದು ಲೆಕ್ಕ ಇತ್ತು: ಇಡೀ ಜಾಗ ಕಾಣುವುದು, ಸ್ವಲ್ಪ ಹತ್ತಿರದ್ದು, ತೀರಾ ಹತ್ತಿರದ ವಿವರ, ಮುಖ, ಇಬ್ಬರ ನಡುವಿನ ಸಂಬಂಧ, ಕೆಲಸ ನಡೆಯುವ ಕ್ರಮ, ಇಡೀ ಕಥೆಯನ್ನು ಒಂದರಲ್ಲೇ ಹೇಳುವುದು, ಕೊನೆಗೊಂದು ಮುಕ್ತಾಯ. ಅದನ್ನು ಕಣ್ಣು ಮುಚ್ಚಿ ಪಾಲಿಸಬೇಕಾಗಿಲ್ಲ, ಇಲ್ಲದ್ದನ್ನು ಹುಡುಕಲು ಒಳ್ಳೆಯದು.

ಬೆಳಕಿನ ಹಿಂದೆ ಅವರೇ, ನಿಮ್ಮ ಒಂದು ಕಥೆಯ ಎಲ್ಲ ಫ್ರೇಮ್ ನನಗೆ ಕಳಿಸಿ. ಒಂದನ್ನೂ ತೆಗೆಯದೆ.

ಬೆಳಕಿನ ಹಿಂದೆ
ಕಳಿಸಿದೆ ಮೇಡಂ. 612 ಇವೆ. ನೇಕಾರರ ಮನೆಯೊಂದರಲ್ಲಿ ನಾಲ್ಕು ದಿನ ತೆಗೆದದ್ದು. ಕೈ ನಡುಗುತ್ತಿದೆ.

ಮೈದಾನದ ಬದಿ
ಏನಾಯಿತು ಅಂತ ಇಲ್ಲಿ ಹೇಳಿ, ಕಾಯುತ್ತಿರುತ್ತೇವೆ.

ಬೆಳಕಿನ ಹಿಂದೆ
ನಾಲ್ಕು ದಿನ ಆಯ್ತು, ಬರೆಯುತ್ತಿದ್ದೇನೆ. ನಿನ್ನೆ ಮೇಡಂ ಎರಡು ಗಂಟೆ ಫೋನಿನಲ್ಲಿ ಮಾತಾಡಿದರು. 612ನ್ನೂ ನೋಡಿದ್ದಾರೆ.

ನಾನು ಪ್ರಕಟಣೆಗೆ ಕಳಿಸಿದ್ದು ಎಂಟು ಫೋಟೊ. ಎಂಟರಲ್ಲೂ ಮಗ್ಗದ ಹಿಂದಿನಿಂದ ಬೆಳಕು ಬರುತ್ತಿದೆ. ಬೆಳಕಿಗೆ ಮರುಳಾಗಿದ್ದೀರಿ ಅಂದರು. ಮೂರು ಇಟ್ಟುಕೊಂಡರು. ಆಮೇಲೆ 347ನೇ ಫ್ರೇಮ್ ತೆರೆಯಿರಿ ಅಂದರು. ಅದನ್ನು ನಾನು ತೆಗೆದದ್ದೇ ಮರೆತುಹೋಗಿತ್ತು. ಮಗ್ಗ ನಿಂತಿದೆ. ಆ ಮನೆಯ ಹೆಂಗಸು ನೆಲದ ಮೇಲೆ ಕೂತು ತುಂಡಾದ ನೂಲನ್ನು ಹಲ್ಲಿನಿಂದ ಹಿಡಿದು ಗಂಟು ಹಾಕುತ್ತಿದ್ದಾರೆ, ಪಕ್ಕದಲ್ಲಿ ಮಗಳು ಇನ್ನೊಂದು ತುದಿ ಹಿಡಿದಿದ್ದಾಳೆ. ಬೆಳಕು ಮಂಕು. ಹಾಗಾಗಿ ನಾನು ಬಿಟ್ಟಿದ್ದೆ. ನಾಲ್ಕು ದಿನದಲ್ಲಿ ನೀವು ಅವರಿಬ್ಬರನ್ನು ಒಟ್ಟಿಗೆ ನೋಡಿದ್ದು ಇದೊಂದೇ ಸಲ, ಮತ್ತೆ ಮೂರು ಫ್ರೇಮ್ ತೆಗೆದು ಬೆಳಕಿನ ಕಡೆಗೆ ಹೊರಟುಹೋಗಿದ್ದೀರಿ ಅಂದರು.

ಹೌದು, ಹೊರಟುಹೋಗಿದ್ದೆ. 350ನೇ ಫ್ರೇಮ್ ಕಿಟಕಿ.

ಹಳೇ ರೀಲು
ಆ ಫೋಟೊ ಅಳಿಸದೆ ಇಟ್ಟಿದ್ದಿರಲ್ಲ, ಅದು ದೊಡ್ಡದು.

ಅಡಿಬರಹ
ಆ ತಾಯಿ ಮಗಳ ಹೆಸರು ಬರೆದುಕೊಂಡಿದ್ದೀರಾ?

ಬೆಳಕಿನ ಹಿಂದೆ
ಅಪ್ಪನ ಹೆಸರು ಬರೆದಿದ್ದೇನೆ. ಇವರಿಬ್ಬರದು ಕೇಳಿಲ್ಲ. ನಾಳೆ ಬೆಳಗ್ಗೆ ಹೋಗಿ ಕೇಳಿಕೊಂಡು ಬರುತ್ತೇನೆ. ಫೋಟೊ ಪ್ರಿಂಟ್ ಹಾಕಿಸಿದ್ದೇನೆ, ಮೊದಲು ಅವರಿಗೆ ತೋರಿಸಬೇಕು.